ಇಪ್ಪತ್ನಾಲ್ಕು ಗಂಟೆ ನೀರು

ನಾನು ರಂಗೇಶ, ಮಧುಗಿರಿಲಿ ನೀರು ಬುಡೋನು. ಯಾವತ್ತು ಯಾವ ಬೀದಿ ಸರದಿ ಅಂತ ನೋಡ್ಕೊಂಡು ವಾಲ್ವ್ ತಿರುಗಿಸೋದು ನನ್ನ ಕೆಲಸ. ಹದಿನೇಳು ವರ್ಷ ಆಯ್ತು. ಯಾವ ಮನೆ ಹಣೇಬರ ಏನು ಅನ್ನೋದು, ಅದನ್ನ ಕಟ್ಟಿಸಿದೋನಿಗಿಂತ ನನಗೇ ಚೆನ್ನಾಗಿ ಗೊತ್ತು.

ಇಂಥಾ ನನ್ನ ಮುಂದೇನೇ ಬುರುಡೆ ಬುಡ್ತಾನಲ್ಲ ಆ ಬ್ರೋಕರ್ ಪರಮೇಶ, ಅವನಿಗೆ ಏನನ್ನಬೇಕು ಹೇಳಿ? ಅವನ ಬಾಯಲ್ಲಿ ಯಾವುದಕ್ಕೂ ಅದರ ಹೆಸರಿಲ್ಲ. ತೋವಿನಕೆರೆ ದಾರಿಲಿ ಎಮ್ಮೆ ಕಟ್ತಿದ್ದ ತಗಡಿನ ಶೆಡ್ಡನ್ನ ‘ಫಾರ್ಮ್ ಹೌಸ್’ ಅಂತ ಮಾರಿದ. ಬುಕ್ಕಾಪಟ್ಟಣದ ಕಡೆ ಜಾಲಿಮುಳ್ಳು ಬಿಟ್ರೆ ಏನೂ ಹುಟ್ಟದ ಬಯಲು ಅವನಿಗೆ ‘ಪ್ರಕೃತಿಯ ಮಡಿಲು’. ಕಿಟಕಿ ಇಲ್ಲದ ಕೋಣೆ ‘ಬೇಸಿಗೇಲೂ ತಂಪು’. ಬಚ್ಚಲಿಂದ ಕೈ ಚಾಚಿದ್ರೆ ಒಲೆ ಸಿಗೋ ಅಡುಗೆಮನೆ ‘ಹೆಂಗಸರಿಗೆ ಅನುಕೂಲ’. ಥೂ, ಇವನ ಮಾತಿಗಿಷ್ಟು ಬೆಂಕಿ ಹಾಕ!

ಹೋದ ತಿಂಗಳು ಬೆಟ್ಟದ ಕಡೆ ಏರೋ ಓಣಿಲಿ ಕೊನೇ ಮನೆ ಮಾರಿಸೋಕೆ ಹಿಡ್ಕೊಂಡ. ಆ ಓಣಿ ಸರದಿ ಬರೋದು ಹನ್ನೊಂದು ದಿನಕ್ಕೊಂದ್ಸಲ. ಬಂದ್ರೂ ಕೊನೇಲಿ ನೀರು ಮೇಲಕ್ಕೆ ಏರಲ್ಲ. ಅದಕ್ಕೆ ಮನೆ ಮುಂದೆ ಸೊಂಟದುದ್ದ ಗುಂಡಿ ತೋಡಿ, ಅದರ ತಳದಲ್ಲಿ ಪೈಪಿನ ಬಾಯಿ ಬಿಟ್ಟವ್ರೆ. ಒಬ್ರು ಒಳಗಿಳಿದು ಕೊಡ ತುಂಬಬೇಕು, ಇನ್ನೊಬ್ರು ಮೇಲಿಂದ ಎತ್ಕೋಬೇಕು. ಅಕ್ಕಪಕ್ಕದ ಹೆಂಗಸರಿಗೂ ಆ ಗುಂಡೀನೇ ಗತಿ. ಹೋದ ಸರದಿ ಮುಗಿದಿದ್ದೇ ಪರಮೇಶ ಏನು ಮಾಡ್ದ ಗೊತ್ತಾ? ಪೈಪಿನ ಬಾಯಿಗೆ ಬಿರಡೆ ಜಡಿದು, ಆ ಗುಂಡಿ ಮೇಲೆ ಕಡಪ ಕಲ್ಲು ಮುಚ್ಚಿ, ಎರಡು ಹೂಕುಂಡ, ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟ. ‘ಬೆಟ್ಟ ನೋಡ್ತಾ ಕಾಫಿ ಕುಡಿಯೋಕೆ ಸಿಟ್‌ಔಟ್’ ಅಂತೆ! ಗೇಟಿಗೆ ಬೋರ್ಡು ಬೇರೆ ನೇತಾಕಿದ: ‘ಇಪ್ಪತ್ನಾಲ್ಕು ಗಂಟೆ ನೀರು.’

ಶನಿವಾರ ನನ್ನ ಹುಡುಕ್ಕೊಂಡು ಬಂದ.

“ರಂಗೇಶಣ್ಣ, ನಾಳೆ ಹತ್ತು ಗಂಟೆಗೆ ಪಾರ್ಟಿ ಬರ್ತಾರೆ. ಬೇರೆ ಬೀದಿ ಎಲ್ಲಾ ಬಂದ್ ಮಾಡಿ ಬೆಟ್ಟದ ಕಡೆ ಓಣಿಗೊಂದಕ್ಕೇ ಬುಟ್ರೆ ಅಡುಗೆಮನೆ ನಲ್ಲಿಗೂ ಏರ್ತದೆ. ಒಂದರ್ಧ ಗಂಟೆ ಸಾಕು.”

“ಯಾರು ಪಾರ್ಟಿ?” ಅಂದೆ.

“ಬಡವನಹಳ್ಳಿ ನರಸಮ್ಮ. ಹಾಸ್ಟೆಲ್‌ನಲ್ಲಿ ಅಡುಗೆ ಮಾಡ್ತಿದ್ರಲ್ಲ, ಅವರು. ಆಸ್ಪತ್ರೆ ಹತ್ರ ಮನೆ ಬೇಕಂತೆ.”

ನನಗೆ ಮೈಯೆಲ್ಲಾ ಉರಿದೋಯ್ತು. ನರಸಮ್ಮನ ಯಜಮಾನ್ರು ದೊಡ್ಡರಂಗಯ್ಯ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದವ್ರೆ. ಉಣಿಸೋದು, ತೊಳೆಯೋದು, ಒಗೆಯೋದು ಎಲ್ಲಾ ಆಯಮ್ಮನೇ. ಅಂಥೋರ ತಲೆಗೆ ಈ ಮನೆ ಕಟ್ಟೋಕೆ ಹೊರಟವ್ನೆ, ನಾಚಿಕೆಗೆಟ್ಟೋನು! ಬಾಯಿಗೆ ಬಂದಂಗೆ ಬೈಯೋಣ ಅನ್ನಿಸ್ತು. ಬೈದ್ರೆ ಇವನು ಬೇರೆ ಉಪಾಯ ಹುಡುಕ್ತಾನೆ, ಅಷ್ಟೇ.

“ಆಗ್ಲಿ, ಬುಡ್ತೀನಿ ಹೋಗು,” ಅಂದೆ.

ಖುಷಿಯಾಗಿ ಜೇಬಿಗೆ ಕೈ ಹಾಕ್ದ. “ನಿನ್ನ ದುಡ್ಡು ನೀನೇ ಇಟ್ಕಳಪ್ಪ. ಅರ್ಧ ಗಂಟೆ ಯಾಕೆ, ಪೂರ್ತಿ ಒಂದು ಗಂಟೆ ಬುಡ್ತೀನಿ,” ಅಂದೆ. ಹೆಂಗೂ ಸೋಮವಾರ ಆ ಓಣಿ ಸರದೀನೇ. ಒಂದು ದಿನ ಮುಂಚೆ ಬುಟ್ರೆ ಯಾರ ಗಂಟೂ ಹೋಗಲ್ಲ.

ಭಾನುವಾರ ಹತ್ತು ಗಂಟೆಗೆ ನರಸಮ್ಮ ಆಟೋ ಇಳಿದ್ಲು. ನಾನು ವಾಲ್ವ್ ತಿರುಗಿಸಿ, ಮೇಲೆ ಹತ್ತಿ ಬಂದು ಗೇಟಿನ ಹತ್ರ ನಿಂತೆ. ಒಳಗೆ ನಲ್ಲಿ ಧಾರಾಕಾರ ಸುರೀತಿತ್ತು.

“ನೋಡಿ ಅಮ್ಮಾ, ಪ್ರೆಶರ್ ನೋಡಿ! ಕಾವೇರಿ ಮನೆಗೇ ಬಂದಂಗೆ!” ಅಂತಿದ್ದ ಪರಮೇಶ.

ನರಸಮ್ಮ ನಲ್ಲಿ ಕೆಳಗೆ ಕೈ ಒಡ್ಡಿ ಸುಮ್ಮನೆ ನಿಂತಿದ್ಲು. ಆ ಮುಖದಲ್ಲಿ ನೆಮ್ಮದಿ ಕಾಣ್ತಿತ್ತು.

ನೀರು ಬುಟ್ಟಾಗ ವಿಷಲ್ ಊದೋದು ನನ್ನ ಪದ್ಧತಿ. ಆವತ್ತೂ ಊದಿದೆ. ಸ್ವಲ್ಪ ಜೋರಾಗೇ ಊದಿದೆ.

ಅಯ್ಯಯ್ಯೋ, ಆ ಓಣಿ ಎದ್ದದ್ದು ನೋಡಬೇಕಿತ್ತು! ಕೊಡ, ಬಿಂದಿಗೆ, ಡ್ರಮ್ಮು ಹಿಡ್ಕೊಂಡು ಹೆಂಗಸರೆಲ್ಲಾ ಗೇಟು ನೂಕ್ಕೊಂಡು ನುಗ್ಗಿದ್ರು. ಹೂಕುಂಡ ಒಂದು ಕಡೆ, ಕುರ್ಚಿ ಒಂದು ಕಡೆ. ನಾಲ್ಕು ಜನ ಸೇರಿ ಕಡಪ ಕಲ್ಲು ಎತ್ತಿ ಪಕ್ಕಕ್ಕಿಟ್ರು. ಪಕ್ಕದ ಮನೆ ಚನ್ನಮಲ್ಲಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಗಿಳಿದು ಪೈಪಿನ ಬಿರಡೆ ಕಿತ್ತಳು. ಅಡುಗೆಮನೆ ನಲ್ಲಿ ಬುಸ್ ಅಂತ ಉಸಿರು ಬಿಟ್ಟು ನಿಂತೋಯ್ತು.

ನರಸಮ್ಮ ಹೊರಗೆ ಬಂದು ಗುಂಡಿ ಅಂಚಲ್ಲಿ ನಿಂತಳು. “ಎಷ್ಟು ದಿನಕ್ಕವ್ವ ನೀರು?”

“ಹನ್ನೊಂದು ದಿನಕ್ಕೆ ಕಣಕ್ಕ. ಇವತ್ತು ಅದ್ಯಾವ ದೇವರು ಕಣ್ಬುಟ್ಟನೋ, ಒಂದಿನ ಮುಂಚೇನೇ ಬಂದೈತೆ,” ಅಂದ್ಲು ಚನ್ನಮಲ್ಲಮ್ಮ.

ಪರಮೇಶ ಓಡಿ ಬಂದ. “ಅಮ್ಮಾ, ಇದು ಒಂಥರಾ ಕಮ್ಯುನಿಟಿ ಲಿವಿಂಗು. ಎಲ್ಲಾರೂ ಒಂದೇ ಮನೆಯೋರ ತರ...”

ನರಸಮ್ಮ ಕೈ ಎತ್ತಿದ್ಲು. ದನಿ ಏರಿಸ್ಲಿಲ್ಲ.

“ನಮ್ಮೆಜಮಾನ್ರಿಗೆ ದಿನಕ್ಕೆ ಎರಡು ದುಪ್ಪಟಿ ಹಾಕ್ತೀನಪ್ಪ. ಎರಡೂ ಒದ್ದೆ ಆಗ್ತವೆ. ಹನ್ನೊಂದು ದಿನಕ್ಕೆ ಇಪ್ಪತ್ತೆರಡು. ಆ ರಾಶಿಗೆ ನಿನ್ನ ಭಾಷೇಲಿ ಏನಂತಾರೆ?”

ಪರಮೇಶನಿಗೆ ಎಮ್ಮೆ ಶೆಡ್ಡಿಗೆ ಮಾತು ಸಿಕ್ಕಿತ್ತು, ಜಾಲಿಮುಳ್ಳಿಗೂ ಸಿಕ್ಕಿತ್ತು. ಇದಕ್ಕೆ ಸಿಗ್ಲಿಲ್ಲ.

ನರಸಮ್ಮ ಅವನಿಗೆ ಕಾಯ್ಲಿಲ್ಲ. ಸೆರಗು ಸಿಗಿಸ್ಕೊಂಡು ಬಗ್ಗಿ, ಚನ್ನಮಲ್ಲಮ್ಮ ಕೆಳಗಿಂದ ಎತ್ತಿ ಹಿಡಿದಿದ್ದ ತುಂಬಿದ ಕೊಡ ಈಸ್ಕೊಂಡು ಕಟ್ಟೆ ಮೇಲೆ ಇಟ್ಟಳು.

“ಇನ್ನೊಂದು ಕೊಡವ್ವ, ನೀರು ನಿಲ್ಲೋದ್ರೊಳಗೆ,” ಅಂದ್ಲು.