ವರ್ನಾಳ ತೋಳಿನಳತೆ

ಸ್ಕ್ರೂ ಎಷ್ಟು ತಿರುಗಿಸಿದರೂ ಏನನ್ನೂ ಕಚ್ಚಿಕೊಳ್ಳಲಿಲ್ಲ. ವರ್ನಾ ಸ್ಟಾಲ್‌ಕಪ್ ಅಡುಗೆಮನೆಯ ಮೇಜಿನ ಮೇಲೆ ಬಗ್ಗಿ, ಬಂದೂಕಿನ ಹಿಂದೆ ಜೋಡಿಸಿ ಭುಜಕ್ಕೆ ಒತ್ತಿ ಹಿಡಿಯುವ ಹೊಸ ಸ್ಟಾಕಿನ ಹಿಂಬದಿಯ ತೂತಿಗೆ ಟಾರ್ಚು ಹಿಡಿದಳು. ಸ್ಕ್ರೂ ಹೋಗಿ ಕೂರಬೇಕಾಗಿದ್ದ, ಬಂದೂಕಿನ ಹಿಂತುದಿಯ ಕೊಳವೆ ಮೂರು ಬೆರಳಿನಷ್ಟು ಮುಂದೆಯೇ ನಿಂತುಬಿಟ್ಟಿತ್ತು. ಉದ್ದದ ರೈಫಲ್ಲಿಗೆಂದು ಮಾಡಿದ ಸ್ಟಾಕನ್ನು ಅವಳು ಪಿಸ್ತೂಲಿನ ಗುಂಡು ಹಾರಿಸುವ ತನ್ನ ಗಿಡ್ಡ ಕಾರ್ಬೈನಿಗೆ ತಂದಿದ್ದಳು. ಹೊರಗಿನಿಂದ ನೋಡಿದರೆ ಎರಡೂ ಬಗೆಯ ಸ್ಟಾಕಿನ ಮೂತಿ ಒಂದೇ. ಒಳಗೆ ಕೂರುವ ಕೊಳವೆಯ ಉದ್ದ ಮಾತ್ರ ಬೇರೆ.

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಕಾಫಿ ಬಿಸಿ ಮಾಡಿಕೊಂಡು ಕುಡಿದು, ಸ್ಟಾಕನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು, ಗುಡ್ಡದ ಹಿಂದಿನ ಗುರಿಕಾರರ ಕ್ಲಬ್ಬಿಗೆ ಹೊರಟಳು.

ಆ ಕ್ಲಬ್ಬಿನಲ್ಲಿ ಒಲೆಯ ಪಕ್ಕದ ಗೋಡೆ ತಪ್ಪು ಸ್ಟಾಕುಗಳದ್ದು. ತಮ್ಮ ಬಂದೂಕಿಗೆ ಕೂರದ ಸ್ಟಾಕು ಕೊಂಡವರು ಅದನ್ನು ಅಲ್ಲಿ ಮೊಳೆಗೆ ನೇತುಹಾಕಿ, ಕೆಳಗೆ ಹೆಸರು ಬರೆಯಬೇಕು. ಕೊಳವೆ ಗಿಡ್ಡವಾಯಿತೆಂದು ಕೂರದವು, ಕೊಳವೆ ಕೂದಲೆಳೆಯಷ್ಟು ಹೆಚ್ಚು ದಪ್ಪವಾಯಿತೆಂದು ಕೂರದವು, ಎಲ್ಲವೂ ಅಲ್ಲಿದ್ದವು. ವರ್ನಾಳ ಅಣ್ಣ ಡೆಲ್ಮರನ ಹೆಸರು ಎರಡು ಕಡೆ ಇತ್ತು. ಹೆಂಗಸರ ಹೆಸರು ಒಂದೂ ಇರಲಿಲ್ಲ. ಅವರು ತಪ್ಪು ಮಾಡುವುದಿಲ್ಲವೆಂದಲ್ಲ, ಅವರಿಗೆ ಆರಿಸಿ ಕೊಡುವವರು ಗಂಡಂದಿರೋ ಅಣ್ಣಂದಿರೋ ಆಗಿರುತ್ತಿದ್ದರು. ವರ್ನಾ ಮೊಳೆ ಹೊಡೆದು, ಸೀಮೆಸುಣ್ಣದಲ್ಲಿ ತನ್ನ ಹೆಸರನ್ನು ದುಂಡಗೆ ಬರೆದಳು. ಶಾಲೆಯ ಅಡುಗೆಮನೆಯ ಹಲಗೆಯ ಮೇಲೆ ದಿನದ ಊಟ ಬರೆದು ಬರೆದು ಪಳಗಿದ ಕೈ ಅದು.

ಡೆಲ್ಮರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕ್ಲಬ್ಬಿನ ಸುರಕ್ಷತೆಯ ಹೊಣೆಯೂ, ತಂಡ ಆರಿಸುವ ಹೊಣೆಯೂ ಅವನದೇ.

"ನನ್ನನ್ನೊಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವೇನೇ?"

"ಕೇಳಿದ್ರೆ ನೀನೇ ತಂದುಕೊಡ್ತಿದ್ದೆ" ಎಂದಳು ವರ್ನಾ.

ಅದೇ ಅವಳ ತೊಡಕು. ಎಂಟು ವರ್ಷದವಳಿದ್ದಾಗ ಅಪ್ಪ ಅವಳ ಕೈಗೆ ಕೊಟ್ಟಿದ್ದು ಡೆಲ್ಮರ್ ಬಳಸಿ ಬಿಟ್ಟ ಬಂದೂಕು. ಆಮೇಲೂ ಅವನು ಬಿಟ್ಟಿದ್ದೇ ಅವಳಿಗೆ. ಎಲ್ಲವೂ ಅವಳ ತೋಳಿಗಿಂತ ಉದ್ದ. ಅವಳು ಸ್ಟಾಕನ್ನು ಕಂಕುಳಿಗೆ ಸಿಕ್ಕಿಸಿ, ಸೊಂಟ ಹಿಂದಕ್ಕೆ ಬಾಗಿಸಿ, ಕತ್ತು ಚಾಚಿ ಗುರಿ ಇಡುತ್ತಾ ಅರವತ್ತರ ಹತ್ತಿರ ಬಂದಿದ್ದಳು. ಹಾಗೆ ನಿಲ್ಲುವುದೇ ತನ್ನ ರೀತಿ ಎಂದು ಬಹಳ ಕಾಲ ನಂಬಿದ್ದಳು. ಈ ಕಾರ್ಬೈನು ಮಾತ್ರ ಅವಳದೇ ಸಂಬಳದ್ದು. ಆದರೆ ಅದರ ಜೊತೆ ಬಂದಿದ್ದು ಹಿಂದೆ ಮುಂದೆ ಜಾರುವ ಸ್ಟಾಕು. ಅದು ಗಿಲಕಿಯಂತೆ ಅಲುಗುತ್ತಿತ್ತು, ಕೆನ್ನೆ ಒರಗಿಸಿದರೆ ಸಂದಿನಲ್ಲಿ ಚರ್ಮ ಚಿವುಟುತ್ತಿತ್ತು. ಅವಳಿಗೆ ಜಾರದ, ಅಲುಗದ ಒಂದು ಸ್ಟಾಕು ಬೇಕಿತ್ತು.

ಡೆಲ್ಮರನಿಗೆ ಅದು ಹುಚ್ಚಾಟವಾಗಿ ಕಂಡಿತು. ಜಾರುವಂಥದ್ದಾದರೆ ಎಲ್ಲರಿಗೂ ಹೊಂದುತ್ತದೆ, ನಾಳೆ ಮಾರಬೇಕೆಂದರೂ ಬೆಲೆ ಬರುತ್ತದೆ ಎಂದ. ಕೊನೆಗೆ ಒಂದು ಮಾತಿಗೆ ಇಬ್ಬರೂ ಒಪ್ಪಿದರು. ಭಾನುವಾರದ ಪಂದ್ಯಕ್ಕೆ ಅವಳು ತಾನೇ ಆರಿಸಿದ್ದನ್ನು ಹಾಕಿಕೊಂಡು ಬರಲಿ. ಅದೂ ಕೈಕೊಟ್ಟರೆ ಇನ್ನು ಮೇಲೆ ಅವನು ಕೊಟ್ಟಿದ್ದನ್ನೇ ಹಿಡಿಯಬೇಕು, ಮಾತಿಲ್ಲದೆ.

ಈ ಸಲ ವರ್ನಾ ಚೆಂದಕ್ಕೆ ಸೋಲಲಿಲ್ಲ. ಜಾರುವ ಸ್ಟಾಕನ್ನು ಕಳಚಿ ಬರಿಯ ಕೊಳವೆಯ ಉದ್ದ ಅಳೆದಳು. ಕ್ಯಾಲಿಪರ್ ಹಿಡಿದು ಅದರ ದಪ್ಪ ನೋಡಿದಳು, ನಂಬಿಕೆ ಸಾಲದೆ ಊಟವಾದ ಮೇಲೆ ಮತ್ತೆ ನೋಡಿದಳು. ಮೊಣಕೈ ಮಡಚಿ, ಅದರ ಒಳಮಡಿಕೆಯಿಂದ ತೋರುಬೆರಳಿನವರೆಗೆ ಬಟ್ಟೆ ಹೊಲಿಯುವ ಟೇಪು ಎಳೆದಳು. ಆಮೇಲೆ ಚಳಿಯ ಕೋಟು ನೆನಪಾಗಿ, ಅದನ್ನು ತೊಟ್ಟುಕೊಂಡು ಮೊದಲಿನಿಂದ ಅಳೆದಳು. ಪಕ್ಕದೂರಿನ ಅಂಗಡಿಯಾತ ಗಿಡ್ಡ ಕೊಳವೆಗೆ ಹೊಂದುವ ಕಪ್ಪು ಸ್ಟಾಕೊಂದನ್ನು ಮುಂದಿಟ್ಟು, ಇದು ಮಕ್ಕಳಿಗೆ ಸರಿ ಎಂದು ಜನ ವಾಪಸು ಕೊಡುತ್ತಾರೆ ಎಂದು ಎಚ್ಚರಿಸಿದ. ಅವಳು ತನ್ನ ಟೇಪು ಹಿಡಿದು ನೋಡಿ, ಕಟ್ಟಿಕೊಡಿ ಎಂದಳು.

ಭಾನುವಾರ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಡೆಲ್ಮರ್ ಎಲ್ಲರ ಬಂದೂಕನ್ನೂ ಪರೀಕ್ಷಿಸುತ್ತಾ ಬಂದ. ತಂಗಿಯದಕ್ಕೆ ಬಂದಾಗ ಹೆಚ್ಚು ಹೊತ್ತು ನಿಂತ. ಸ್ಟಾಕನ್ನು ಎಳೆದ, ತಿರುಚಿದ, ಅಂಗೈಯಿಂದ ಗುದ್ದಿದ. ಮತ್ತೊಮ್ಮೆ ತಿರುಚಿದ. ಅದು ಮಿಸುಕಲಿಲ್ಲ. ಅವನು ಮುಂದಿನವನ ಬಳಿ ಹೋದ.

ವರ್ನಾಳ ಸರದಿ ಬಂತು. ಗಂಟೆಯ ಸದ್ದಾಯಿತು. ಕಾರ್ಬೈನು ಎತ್ತಿದಳು, ಅಷ್ಟೆ. ಅದು ತಾನಾಗಿ ಬಂದು ಭುಜದ ಕುಳಿಯಲ್ಲಿ ಕೂತಿತು. ಕತ್ತು ಚಾಚಬೇಕಾಗಲಿಲ್ಲ. ಸೊಂಟ ಬಾಗಿಸಬೇಕಾಗಲಿಲ್ಲ. ಗುರಿ ಹಿಡಿಯುವ ಗಾಜಿನೊಳಗಿನ ಕೆಂಪು ಚುಕ್ಕಿ ಕಣ್ಣೆದುರು ನಿಂತೇ ಇತ್ತು, ಯಾರೋ ಮೊದಲೇ ಇಟ್ಟು ಹೋದ ಹಾಗೆ. ಗುರಿಗೆಂದು ನಿಲ್ಲಿಸಿದ್ದ ಉಕ್ಕಿನ ತಟ್ಟೆಗಳು ಒಂದರ ಹಿಂದೊಂದು ಠಣ್ಣೆಂದವು. ಮೂರನೆಯ ಸುತ್ತಿನಲ್ಲಿ ಖುಷಿಗೆ ಅವಸರಪಟ್ಟಿದ್ದಕ್ಕೆ ಒಂದು ತಟ್ಟೆ ತಪ್ಪಿತು. ಅದು ತನ್ನದೇ ತಪ್ಪು, ಸ್ಟಾಕಿನದಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆ ಬೇರ್ಪಡಿಸಿ ಹೇಳಲು ಬಂದಿದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ಗೆದ್ದವನು ಹೋಬರ್ಟ್ ಎಂಬ ಮರಗೆಲಸದವನು, ವರ್ನಾ ಎರಡನೆಯವಳು. ಡೆಲ್ಮರ್ ಅವಳ ಹಿಂದೆ, ಸಾಕಷ್ಟು ಹಿಂದೆ.

ಪಂದ್ಯ ಮುಗಿದು, ಒಲೆಯ ಮೇಲಿನ ಹುರುಳಿಕಾಯಿ ಸೂಪಿಗೆ ಜನ ಸೇರುವ ಹೊತ್ತಿಗೆ ಡೆಲ್ಮರ್ ಅವಳ ಬಳಿ ಬಂದು ಕಾರ್ಬೈನಿಗಾಗಿ ಕೈ ನೀಡಿದ. ಕಾರ್ಬೈನು ಖಾಲಿಯಿತ್ತು, ಖಾಲಿ ಎಂದು ತೋರಿಸುವ ಹಳದಿ ಪ್ಲಾಸ್ಟಿಕ್ಕು ಸಿಕ್ಕಿಸಿತ್ತು. ಅವನು ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆ ತಿರುಗಿ ಅದನ್ನು ಭುಜಕ್ಕೆ ಏರಿಸಿದ. ಮೊಣಕೈಗಳು ಪಕ್ಕೆಗೆ ಮುದುಡಿಕೊಂಡವು. ಮೂಗು ಹೆಬ್ಬೆರಳಿಗೆ ತಾಗಿತು. ಕಂಕುಳಿಗೆ ಸರಿಸಿ ನೋಡಿದ, ಬೆನ್ನು ಬಾಗಿಸಿ ನೋಡಿದ, ಕತ್ತನ್ನು ಹಿಂದೆಳೆದು ನೋಡಿದ.

"ಚಿಕ್ಕಂದಿನ ಸ್ವೆಟರಿಗೆ ತೂರಿದ ಹಾಗಿದ್ದೀಯ" ಎಂದ ಹೋಬರ್ಟ್. ಅವನೂ ಇಸಿದುಕೊಂಡು ಎತ್ತಿದ. ಅವನ ಪಾಡು ಇನ್ನೂ ನಗೆಪಾಟಲಾಯಿತು.

ಡೆಲ್ಮರ್ ಅದನ್ನು ತಂಗಿಯ ಕೈಗೆ ಮರಳಿ ಕೊಟ್ಟ.

"ಇದು ನಿನಗೊಬ್ಬಳಿಗೆ ಬಿಟ್ಟು ಯಾರಿಗೂ ಆಗಲ್ಲ ಕಣೇ."

"ಹೂಂ" ಎಂದಳು ವರ್ನಾ.

ಡೆಲ್ಮರ್ ಬೆಂಚಿನ ಮೇಲಿದ್ದ ಅವಳ ಬಂದೂಕಿನ ಚೀಲದ ಜಿಪ್ಪೆಳೆದು, ಎರಡೂ ಕೈಯಿಂದ ಅದರ ಬಾಯಿ ಅಗಲಿಸಿ ಹಿಡಿದುಕೊಂಡ. ಒಳಗೆ ಸೂಪಿಗೆ ಕರೆಯುತ್ತಿದ್ದರು. ವರ್ನಾ ಕೋಟಿನ ತೋಳಿನಿಂದ ಸ್ಟಾಕಿನ ಮೇಲಿದ್ದ ಇಬ್ಬನಿಯನ್ನು ಒರೆಸತೊಡಗಿದಳು, ನಿಧಾನವಾಗಿ, ಮೇಲಿನಿಂದ ಕೆಳಗೆ. ಡೆಲ್ಮರ್ ಚೀಲ ಹಿಡಿದು ಕಾಯುತ್ತಿದ್ದ.