ಕಾದ ಗಾಜಿನ ಎಳೆ

ನಾನು ಉಕ್ಕು ಕತ್ತರಿಸುವ ಫೈಬರ್ ಲೇಸರ್. ಹೊರಗಿನಿಂದ ತಗಡಿನ ಪೆಟ್ಟಿಗೆ. ಒಳಗೆ ಸುರುಳಿ ಸುತ್ತಿದ, ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದೇ ನನ್ನ ಜೀವ. ಧೂಳು ಸುಳಿಯದ ತಣ್ಣನೆಯ ಕೋಣೆಯಲ್ಲಿ ಕೈಗವಸು ತೊಟ್ಟವರು ನನ್ನನ್ನು ಜೋಡಿಸಿದರು. ನನಗೆ ಉಣಿಸುವ ಬೆಳಕೆಲ್ಲ ಕೆಲಸಕ್ಕೆ ಬರುವುದಿಲ್ಲ. ಮಿಕ್ಕಿದ್ದು ಶಾಖವಾಗಿ ಒಳಗೇ ಕೂರುತ್ತದೆ. ಅದನ್ನು ಹೊತ್ತೊಯ್ಯಲು ತಣ್ಣೀರು ಹರಿಯುತ್ತಲೇ ಇರಬೇಕು. ನೀರು ತಂಪಿದ್ದರೆ ದಪ್ಪ ಉಕ್ಕನ್ನೂ ಬೆಣ್ಣೆಯಂತೆ ಸೀಳುತ್ತೇನೆ. ನಾನು ಕೇಳಿದ್ದು ಅಷ್ಟೇ. ಅಷ್ಟನ್ನೂ ಕೊಡದವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅವನು ಅಪ್ಪಾಸಾಹೇಬ ಚೌಗುಲೆ. ಬೆಳಗಾವಿಯ ಉದ್ಯಮಬಾಗದಲ್ಲಿ ಅವನ ಶೆಡ್ಡು. ನನ್ನನ್ನು ನಡೆಸುತ್ತಿದ್ದವಳು ಶಮೀಮಾ ನದಾಫ್. ನೀರು ತಂಪು ಮಾಡುವ ಚಿಲ್ಲರನ್ನು ನೋಡಿದ ಮೇಲೆಯೇ ಅವಳು ನನ್ನನ್ನು ಎಬ್ಬಿಸುತ್ತಿದ್ದಳು. ಅವಳ ಕೈಯಲ್ಲಿ ನಾನು ಆಸ್ಪತ್ರೆಯ ಮಂಚ, ಬಸ್ಸಿನ ಸೀಟು, ಏನೆಲ್ಲ ಕತ್ತರಿಸಿದೆ!

ಒಂದು ಬೇಸಿಗೆ ಚೌಗುಲೆಗೆ ದೊಡ್ಡ ಕ್ಯಾಬಿನ್ ಬೇಕಾಯಿತು. ಜಾಗ ಮಾಡಲು ಚಿಲ್ಲರನ್ನು ಉಕ್ಕು ಉಜ್ಜುವ ಗ್ರೈಂಡಿಂಗ್ ಮೂಲೆಗೆ ತಳ್ಳಿಸಿದ. ಧೂಳು ಮೆತ್ತಿ ಅದರ ಉಸಿರು ಕಟ್ಟಿತು. ನೀರು ಬಿಸಿಯಾಗಿ ನನ್ನ ಬೆಳಕು ಬಡಕಲಾಯಿತು. ತಗಡು ಪೂರಾ ಸೀಳದೆ ಅಂಚಿನಲ್ಲಿ ಕರಗಿದ ಉಕ್ಕು ಗಂಟುಗಟ್ಟಿತು. ಅಲಾರಾಂ ಒಂದೇ ಸಮನೆ ಕೂಗಿತು.

"ನೀರು ಕಾಯ್ದೈತ್ರಿ ಸಾಹೇಬ್ರ. ಮಷೀನ್ ನಿಂದ್ರಸೂಣು," ಎಂದಳು ಶಮೀಮಾ.

"ನಿಂದ್ರಿಸಿದ್ರ ಮಾಲು ನಿಮ್ಮಪ್ಪ ಕೊಡ್ತಾನೇನು? ಏ ಮಾರುತಿ, ಆ ಒದರೂದು ಬಂದ್ ಮಾಡು ಮೊದಲ!"

ಎಲೆಕ್ಟ್ರಿಶಿಯನ್ ಮಾರುತಿ ತಲೆತಗ್ಗಿಸಿ ಎರಡು ವೈರು ಕೂಡಿಸಿದ. ಅಲಾರಾಂ ಸತ್ತಿತು. ಬಿಸಿಯೇರಿದರೆ ನಾನಾಗಿಯೇ ನಿಲ್ಲುವ ದಾರಿಯೂ ಅದರೊಂದಿಗೇ ಸತ್ತಿತು. ಶಮೀಮಾ ಕೆಂಪು ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿದಳು. ಚೌಗುಲೆ ಅವಳನ್ನು ಸರಿಸಿ, ತಾನೇ ಚಾಲೂ ಮಾಡಿ, ಶಕ್ತಿ ಸಾಲದೆಂದು ಇನ್ನೂ ಏರಿಸಿದ. ಬಳಲಿದ ಎತ್ತಿಗೆ ಬಾರುಕೋಲಿನ ಏಟು! ಒಳಗೆ, ಎಳೆಗೆ ಎಳೆ ಬೆಸೆದ ಜಾಗ ಭಗ್ಗೆಂದಿತು. ನನ್ನ ಬೆಳಕು ಆರಿಹೋಯಿತು.

"ಇಕಿನs ಕೆಡಿಸಿದ್ಲು! ಹೊರಗ ನಡಿ!" ಎಂದು ಚೌಗುಲೆ ಶಮೀಮಾಳ ಮೇಲೆ ಎಲ್ಲರೆದುರು ಕೂಗಾಡಿದ. ಕಂಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ನನಗೆ ಬಾಯಿ ಇರಲಿಲ್ಲ, ಅವರಿಗೆ ಏನಾಗಿತ್ತು?

ನನ್ನನ್ನು ಮಾಡಿದ ಕಂಪನಿಯಿಂದ ಎಂಜಿನಿಯರ್ ಬಂದ ದಿನ ಶಮೀಮಾ ಕರೆಯದೆಯೇ ಬಂದು ನಿಂತಳು. ಕೂಡಿಸಿದ್ದ ವೈರು ಹಿಡಿದು ಎಂಜಿನಿಯರ್ ಕೇಳಿದ: "ಇದನ್ನು ಯಾರು ಮಾಡಿದ್ದು?"

ಮಾರುತಿ ಮುಂದೆ ಬಂದು, "ನಾನs ರೀ. ಸಾಹೇಬ್ರು ಹೇಳಿದ್ರು. ಈ ಹುಡುಗಿ ಬ್ಯಾಡ ಅಂದಿತ್ತು," ಎಂದ.

ಚೌಗುಲೆ ನನ್ನ ಕಡೆ ತಿರುಗಿ, "ತಪ್ಪಾತು," ಎಂದು ಗೊಣಗಿದ.

"ನನಗ ಹೇಳ್ರಿ, ಮಷೀನಿಗಲ್ಲ," ಎಂದಳು ಶಮೀಮಾ.

ಅವನು ತಿರುಗಲೇಬೇಕಾಯಿತು. "ತಪ್ಪು ನಂದs, ಶಮೀಮಾ. ನಾಳಿಂದ ಕೆಲಸಕ್ಕ ಬಾ."

"ಒಪ್ಪಿದ್ರಲ್ಲ, ಸಾಕು. ಕೆಲಸಕ್ಕ ನಾ ಬರೂದಿಲ್ಲ."

ಈಗ ಅವಳು ಬೇರೊಂದು ಶೆಡ್ಡಿನಲ್ಲಿ ಬೇರೊಂದು ಲೇಸರ್ ನಡೆಸುತ್ತಾಳಂತೆ. ನನ್ನ ಎಳೆ ಮತ್ತೆ ಬೆಸೆಯಲಾಗದಷ್ಟು ಕರಕಲಾಗಿತ್ತು; ನನ್ನನ್ನು ಅದೇ ಶೆಡ್ಡಿನ ಮೂಲೆಯ ಗುಜರಿ ರಾಶಿಗೆ ನೂಕಿದರು. ಸಿಟ್ಟು ಬಂದಾಗ ಹೊರನಡೆಯಲು ಶಮೀಮಾಳಿಗೆ ಕಾಲಿದ್ದವು. ನಾನು ಮಾತ್ರ, ನನ್ನನ್ನು ಸುಟ್ಟವನ ಸೂರಿನಡಿಯೇ ಬಿದ್ದಿದ್ದೇನೆ.