ಎತ್ತು ಕಾಣುವ ದಡ

"ಆ ಹಾಡಾ? ನಮ್ಮೂರಲ್ಲಿ ನಿಂತ್ಕೊಂಡು, ಟೀವಿಯೋರ ಮುಂದೆ, ಆ ಹಾಡಾ?"

ಗೆಂಜಿರೊ ಹಾಕಿದ ಕೂಗಿಗೆ ಶೆಡ್ಡಿನಲ್ಲಿ ಸಿಂಪಿ ಬಿಡಿಸುತ್ತಿದ್ದ ಚಾಕುಗಳ ಸದ್ದು ಒಮ್ಮೆಲೇ ನಿಂತಿತು. ರಬ್ಬರಿನ ಏಪ್ರನ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದ ಹೆಂಗಸರು ತಲೆ ತಗ್ಗಿಸಿ ನಗು ನುಂಗಿದರು. ಅವನ ಹೆಂಡತಿ ಮಿತ್ಸುಯೊ ಮಾತ್ರ ಕೈಯಲ್ಲಿದ್ದ ಸಿಂಪಿಯ ಬಾಯಿ ಬಿಡಿಸಿ, ಮಾಂಸವನ್ನು ಬಕೆಟ್ಟಿಗೆ ಹಾಕಿ, ಚಿಪ್ಪನ್ನು ಹಿಂದಕ್ಕೆ ಎಸೆದಳು.

"ಆ ಹಾಡು ಕೇಳಿಯೇ ಅವರು ನನ್ನನ್ನ ಆರಿಸಿದ್ದು. ಬೇರೆ ಯಾವ ಹಾಡೂ ನನ್ನ ಗಂಟಲಿಗೆ ಹೊಂದಲ್ಲ" ಅಂದಳು.

"ಬೈಬೇಡ ಬಿಡೋ ಗೆಂಜಿ" ಎಂದಳು ಎಲ್ಲರಿಗಿಂತ ಹಿರಿಯಳಾದ ಯಾಸು ಅಜ್ಜಿ. "ತವರಿನ ಹಾಡು ಮರೀಲಿ ಅಂತಿದ್ರೆ ಮೂಗಿ ಹೆಣ್ಣನ್ನ ತರಬೇಕಿತ್ತು ನೀನು."

ಈಗ ನಗು ಯಾರ ಗಂಟಲಲ್ಲೂ ನಿಲ್ಲಲಿಲ್ಲ.

ಆ ಭಾನುವಾರ ಅವರ ಊರು ಇಸೊಬೆಯ ಶಾಲೆಯ ಒಳಾಂಗಣದಲ್ಲಿ ಟೀವಿಯವರ ಹಾಡಿನ ಸ್ಪರ್ಧೆ. ಊರೂರು ಸುತ್ತುವ ಸ್ಪರ್ಧೆ ಅದು. ಮೀನು ಮಾರುವವರು, ಬಸ್ಸು ಓಡಿಸುವವರು ಹೋಗಿ ಹಾಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಗಂಟೆಯನ್ನು ಒಂದು ಸಲ ಬಾರಿಸುತ್ತಾರೆ, ಪರವಾಗಿಲ್ಲ ಎನ್ನುವಂತಿದ್ದರೆ ಎರಡು ಸಲ, ಗೆದ್ದರೆ ಸಾಲುಸಾಲು ಗಂಟೆ. ಮಿತ್ಸುಯೊ ಆರಿಸಿಕೊಂಡದ್ದು 'ಕುರೊಸಾಕಿಯ ಸಂಜೆ'. ಕೊಲ್ಲಿಯ ಆಚೆ, ಉತ್ತರ ದಡದ ಕುರೊಸಾಕಿ ಅವಳ ತವರು.

ಬಲೆ ಬೀಸುವ ಗಡಿಗಾಗಿ ತಾತಂದಿರ ಕಾಲದಲ್ಲಿ ಈ ಎರಡು ಊರಿನವರು ಹುಟ್ಟುಗಳಿಂದ ಬಡಿದಾಡಿದ್ದರು. ಆ ಜಗಳ ಮುಗಿದಿತ್ತು, ಹಾಡಿನದು ಮುಗಿದಿರಲಿಲ್ಲ. ಯಾರೋ ಹೆಸರಾಂತ ಗಾಯಕಿ ಕುರೊಸಾಕಿಯ ಗುಡ್ಡದ ಬಗ್ಗೆ ಈ ಹಾಡು ಹಾಡಿ, ಅದು ದೇಶವೆಲ್ಲ ಹಬ್ಬಿ, ಆ ಊರಿಗೆ ಪ್ರವಾಸಿಗಳ ಬಸ್ಸು ಬರತೊಡಗಿತು. ಇಸೊಬೆಗೆ ಹೊಟ್ಟೆಯುರಿ. ಮೀನುಗಾರರ ಸಂಘದವರು ಪಟ್ಟಣದಿಂದ ಒಬ್ಬನನ್ನು ಕರೆಸಿ 'ಇಸೊಬೆಯ ಅಲೆ' ಎಂದು ಒಂದು ಹಾಡು ಬರೆಸಿದರು. ಅದರ ಎರಡನೇ ಸಾಲು ಸಂಘದ ಅಧ್ಯಕ್ಷನಿಗೂ ನೆನಪಿರಲಿಲ್ಲ. ಆಚೆ ದಡದಿಂದ ಬಂದ ಸೊಸೆಯರಿಗೆ ಮೊದಲ ವಾರದಲ್ಲೇ ಒಂದು ಮಾತು ಹೇಳುತ್ತಿದ್ದರು, ಅರ್ಧ ತಮಾಷೆ ಅರ್ಧ ನಿಜ: ಪೆಟ್ಟಿಗೆ ಇಳಿಸು, ಹಾಡು ದೋಣಿಯಲ್ಲೇ ಇರಲಿ. ಮಿತ್ಸುಯೊ ಹಾಗೇ ಬಿಟ್ಟು ಇಳಿದಿದ್ದಳು. ಈಗ ಮಕ್ಕಳು ದೊಡ್ಡವರಾಗಿ, ತಲೆ ನರೆತ ಮೇಲೆ, ಯಾರನ್ನೂ ಕೇಳದೆ ಹೋಗಿ ಅದನ್ನೇ ಹಾಡಿ ಆಯ್ಕೆಯಾಗಿ ಬಂದಿದ್ದಳು.

"ಹಾಡೋದಾದ್ರೆ ನಮ್ಮೂರಿನ ಹಾಡು ಹಾಡು. ಇಲ್ಲಾಂದ್ರೆ ಬರಲ್ಲ ಅಂತ ಫೋನ್ ಮಾಡಿಬಿಡು."

"ಆಯ್ತು. ಮಾಡ್ತೀನಿ."

ಅಷ್ಟು ಸಲೀಸಾಗಿ ಅವಳು ಒಪ್ಪಿಕೊಂಡದ್ದರಿಂದ ಉಳಿದ ಸಿಟ್ಟನ್ನು ಎಲ್ಲಿ ಸುರಿಯಬೇಕೋ ತಿಳಿಯದೆ ಗೆಂಜಿರೊ ಚಿಪ್ಪಿನ ರಾಶಿಗೆ ಒದ್ದ. ಹೆಬ್ಬೆರಳಿಗೆ ನೋವಾದದ್ದನ್ನು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಯಾವುದಕ್ಕೂ ಕಡಿಮೆಯಾಗಲಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ, ಬಿಸಿ ಮಿಸೊ ಸಾರು, ಸುಟ್ಟ ಮೀನು. ಆದರೂ ಏನೋ ಇಲ್ಲ ಅನ್ನಿಸುತ್ತಿತ್ತು. ಏನದು ಎಂದು ಹೊಳೆದದ್ದು ಎರಡು ದಿನ ಬಿಟ್ಟು: ಪಾತ್ರೆ ತೊಳೆಯುವಾಗ ಅವಳು ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದಳು, ಈಗ ಬರೀ ನೀರಿನ ಸದ್ದು. ಅಷ್ಟು ವರ್ಷ ಆ ಗುನುಗು ಮನೆಯಲ್ಲಿ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ರೇಡಿಯೊ ಹಾಕಿದ. ಹವಾಮಾನದ ಸುದ್ದಿ ಬಂತು. ಆರಿಸಿದ.

ಮರುದಿನ ಎರವಲು ತಂದಿದ್ದ, ಹಗ್ಗ ಎಳೆಯುವ ರಾಟೆಯೊಂದನ್ನು ಭಾವಮೈದ ಹಾರುತೊಗೆ ಹಿಂದಿರುಗಿಸಲು ದೋಣಿಯಲ್ಲಿ ಕುರೊಸಾಕಿಗೆ ಹೋದ. ಹಾರುತೊ ಇನ್ನೂ ಬಂದಿರಲಿಲ್ಲ. ದೋಣಿ ಕಟ್ಟುವ ಧಕ್ಕೆಯ ಪಕ್ಕದಲ್ಲೇ ಆ ಹಾಡು ಕೆತ್ತಿದ ಕಲ್ಲು. ಅದರ ಗುಂಡಿ ಒತ್ತಿದರೆ ಹಾಡು ಬರುತ್ತದೆ, ಪ್ರವಾಸಿಗಳಿಗೆಂದು ಮಾಡಿಟ್ಟದ್ದು. ಗೆಂಜಿರೊ ಕಳ್ಳನ ಹಾಗೆ ಅತ್ತಿತ್ತ ನೋಡಿ ಗುಂಡಿ ಒತ್ತಿದ. ದ್ವೇಷಿಸುವುದಕ್ಕೆ ಒಮ್ಮೆಯೂ ಪೂರ್ತಿ ಕೇಳುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. 'ದಣಿದ ಎತ್ತು ಮಂಡಿಯೂರಿ ಕಡಲು ಕುಡಿಯುವ ಹಾಗೆ, ನನ್ನೂರ ಗುಡ್ಡ...' ತಲೆಯೆತ್ತಿ ನೋಡಿದ. ಎತ್ತೂ ಇಲ್ಲ, ಕರುವೂ ಇಲ್ಲ. ಪೈನ್ ಮರ ಬೆಳೆದ ಒಂದು ದಪ್ಪ ಬಂಡೆ, ಅದರ ಬುಡದಲ್ಲಿ ಐಸ್ ಕಾರ್ಖಾನೆ.

"ಏನು ಭಾವ, ಶತ್ರುಗಳ ಹಾಡು ಕೇಳ್ತಿದ್ದೀರಾ!" ಹಿಂದಿನಿಂದ ಹಾರುತೊನ ದನಿ.

"ಹಾಡಲ್ವೋ, ಸುಳ್ಳು. ಎಲ್ಲೋ ನಿಮ್ಮ ಎತ್ತು?"

"ನಮಗೆ ಕಾಣೋದು ಅದರ ಅಂಡು ಮಾತ್ರ ಭಾವ" ಎಂದು ಹಾರುತೊ ನಕ್ಕ. "ಬರೆದೋನು ಉಳಕೊಂಡಿದ್ದು ನಿಮ್ಮೂರಿನ ಛತ್ರದಲ್ಲಂತೆ. ಚಿಕ್ಕಂದಿನಲ್ಲಿ ನಾವೂ ಸುಳ್ಳು ಹಾಡು ಅಂತ್ಲೇ ಬೈತಿದ್ವಿ. ಅಕ್ಕ ಮದುವೆಯಾಗಿ ಹೋದೋಳು ಮೊದಲ ಸಲ ಫೋನ್ ಮಾಡಿದಾಗ ಅಳ್ತಾ ಅಳ್ತಾ ಹೇಳಿದ್ಲು, 'ಹಾಡು ಸುಳ್ಳಲ್ಲ ಕಣೋ, ಇಲ್ಲಿಂದ ಕಾಣ್ತದೆ' ಅಂತ."

ಗೆಂಜಿರೊ ರಾಟೆ ಕೊಟ್ಟು ದೋಣಿ ಹತ್ತಿದ. ಕೊಲ್ಲಿಯ ನಡುವೆ ಬಂದಾಗ ತಿರುಗಿ ನೋಡಿದ. ಬಂಡೆ ಮೆಲ್ಲಗೆ ಹೊರಳುತ್ತಿತ್ತು. ಮೊದಲು ಭುಜ, ಆಮೇಲೆ ಬಾಗಿದ ಕತ್ತು. ತನ್ನ ಸಿಂಪಿ ಬೆಳೆಸುವ ತೆಪ್ಪಗಳ ಹತ್ತಿರ ಬರುವಷ್ಟರಲ್ಲಿ ಮೂತಿ ನೀರಿಗಿಟ್ಟ ಎತ್ತು ಪೂರ್ತಿ ಮೂಡಿತ್ತು. ಹುಡುಗನಾಗಿದ್ದಾಗಿನಿಂದ ಮಂಜಿನಲ್ಲಿ ದಾರಿ ಗುರುತಿಗೆಂದು ಅವನು ನೋಡುತ್ತಿದ್ದ ಗುಡ್ಡವೇ ಅದು. ಗುರುತನ್ನು ನೋಡಿದ್ದ, ಗುಡ್ಡವನ್ನು ನೋಡಿರಲಿಲ್ಲ. ದೊಡ್ಡ ಅಲೆ ಬಂದು ಹಳೆಯ ಮನೆ ಕೊಚ್ಚಿಹೋದ ಮೇಲೆ ಎತ್ತರದಲ್ಲಿ ಹೊಸ ಮನೆ ಕಟ್ಟುವಾಗ ಮಿತ್ಸುಯೊ ಕೇಳಿದ್ದು ಒಂದೇ: ಪಾತ್ರೆ ತೊಳೆಯುವ ಕಡೆ, ಉತ್ತರಕ್ಕೆ, ಒಂದು ಕಿಟಕಿ. ಚಳಿಗಾಳಿಯನ್ನು ಕರೆದು ಕೂರಿಸಿಕೊಳ್ತೀಯಾ ಎಂದು ಅವನು ಕೂಗಾಡಿದ್ದ. ಅವಳು ಕಾರಣ ಹೇಳಿರಲಿಲ್ಲ, ಹಟ ಬಿಟ್ಟೂ ಇರಲಿಲ್ಲ.

ಎಂಜಿನ್ ಆರಿಸಿ ಅವನು ಅಲ್ಲೇ ಬಹಳ ಹೊತ್ತು ತೇಲಿದ.

ಮನೆಗೆ ಬಂದವನೇ ಬೂಟು ಕಳಚುತ್ತ ಬಾಗಿಲಿಂದಲೇ ಕೇಳಿದ. "ಫೋನ್ ಮಾಡಿದ್ಯಾ?"

"ಇನ್ನೂ ಇಲ್ಲ. ಊಟ ಆದ್ಮೇಲೆ ಮಾಡ್ತೀನಿ."

"ಮಾಡ್ಬೇಡ."

"ಯಾಕ್ರೀ?"

"ಅಂಡು ಅವರದ್ದು, ಮುಖ ನಮ್ಮದು. ನಾವ್ಯಾಕೆ ಹಾಡಬಾರ್ದು?"

ಮಿತ್ಸುಯೊ ಅವನ ಕಡೆ ತಿರುಗಲಿಲ್ಲ. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು. "ಈಗ ಕಾಣಿಸ್ತಾ ನಿಮಗೆ?" ಎಂದಳು ನೀರಿನ ಸದ್ದಿನೊಳಗಿಂದ.

ಭಾನುವಾರ ಊರಿಗೆ ಊರೇ ಬಂದಿತ್ತು. ಮಿತ್ಸುಯೊಳ ಹಾಡಿನ ಹೆಸರು ಹೇಳಿದ ಕೂಡಲೇ ಸಭೆ ತಣ್ಣಗಾಯಿತು. ಮೊದಲು ಹಾಡಿದ್ದ ಬಸ್ಸಿನ ಚಾಲಕನಿಗೆ ತಾಳ ಹಾಕಿದ್ದ ಕೈಗಳೆಲ್ಲ ಈಗ ಮಡಿಲಲ್ಲಿ ಬಿದ್ದಿದ್ದವು. ಮಿತ್ಸುಯೊ ಮೊದಲ ಸಾಲು ಹಾಡಿದಳು. ಚೆನ್ನಾಗಿ ಹಾಡಿದಳು. ಎರಡನೆಯ ಸಾಲಿಗೆ ದನಿ ಸಣ್ಣದಾಯಿತು.

ಗೆಂಜಿರೊ ಎದ್ದು ನಿಂತ. ಹಲಗೆಯಂಥ ಅಂಗೈಗಳನ್ನು ತಟ್ಟತೊಡಗಿದ. ತಾಳ ಎಂಬುದು ಅವನ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ. ಹಾಡು ಒಂದು ಕಡೆ, ಚಪ್ಪಾಳೆ ಒಂದು ಕಡೆ. "ಕೂತ್ಕೊಳ್ಳೋ, ಮಾನ ತೆಗೀಬೇಡ" ಎನ್ನುತ್ತ ಯಾಸು ಅಜ್ಜಿ ಅವನ ಅಂಗಿ ಜಗ್ಗಿದಳು. ಅವನು ಕೂರದಿದ್ದಾಗ ಬೈದುಕೊಂಡೇ ತಾನೂ ತಟ್ಟಿದಳು. ಶೆಡ್ಡಿನ ಹೆಂಗಸರು ಸೇರಿದರು, ಆಮೇಲೆ ಯಾರು ತಟ್ಟುತ್ತಿದ್ದಾರೆ ಯಾರು ಇಲ್ಲ ಎನ್ನುವುದೇ ತಿಳಿಯದಂತಾಯಿತು. ಎಲ್ಲರೂ ಗೆಂಜಿರೊನ ತಪ್ಪು ತಾಳಕ್ಕೇ ತಟ್ಟುತ್ತಿದ್ದರು. ಮಿತ್ಸುಯೊ ವಾದ್ಯದವರನ್ನು ಬಿಟ್ಟಳು, ಗಂಡನ ಚಪ್ಪಾಳೆಯ ಹಿಂದೆ ಹೋದಳು, ಎಡವಿದಳು, ನಕ್ಕಳು, ನಗುತ್ತಲೇ ಎತ್ತಿಗೆ ಕಡಲು ಕುಡಿಸಿದಳು.

ಗಂಟೆ ಎರಡೇ ಸಲ ಹೊಡೆಯಿತು.

ಮನೆಗೆ ಹೋಗುವಾಗ ಏರಿನ ತಿರುವಿನಲ್ಲಿ ಗೆಂಜಿರೊ ಲಾರಿ ನಿಲ್ಲಿಸಿದ. "ಆ ಗಂಟೆ ಬಡಿಯೋನಿಗೆ ಕಿವಿ ಇಲ್ಲ" ಎಂದ.

"ಅವನಿಗಿದೆ. ಇಲ್ದಿರೋದು ನಿಮಗೆ" ಎಂದಳು ಮಿತ್ಸುಯೊ. "ಕೊಡಿ ಇಲ್ಲಿ ಕೈ."

ಕೆಂಪಾಗಿ ಊದಿದ್ದ ಅವನ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿಕೊಂಡೇ ಗುನುಗುತ್ತ, ಎರಡು ಬೆರಳಿಂದ ಅದರ ಮೇಲೆ ತಟ್ಟಿದಳು. "ಇಲ್ಲಿ ಬರಬೇಕಿತ್ತು. ಆಮೇಲೆ ಇಲ್ಲಿ."

ಹಿಂದೆ ಬಂದ ಕಾರೊಂದು ಹಾರನ್ ಮಾಡಿ, ಪಕ್ಕಕ್ಕೆ ಸರಿದು ಹೋಯಿತು. ಗೆಂಜಿರೊ ಕೈ ಹಿಂದಕ್ಕೆ ತೆಗೆಯಲಿಲ್ಲ.